ಪ್ರಳಯ ಮಾಮನ ಅರ್ಧ ಮಾತು

ಮಂಗಳವಾರ ಬೆಳಿಗ್ಗೆ ಹಿತ್ತಿಲ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದೆ. ನಮ್ಮೂರಿನಲ್ಲಿ ಕೈಯಲ್ಲಿ ಅಕ್ಕಿ ಆರಿಸುವವರು ಕಡಿಮೆ. ಶುಕ್ರವಾರ ಮೊರದಲ್ಲಿ ಅಕ್ಕಿ ಹರಡಿ ನೆಲದ ಮೇಲಿಟ್ಟು ಬೇರೆ ಕೆಲಸ ನೋಡಿಕೊಳ್ಳುತ್ತೇವೆ. ವಾರವಾರ ಊರಿನ ಮೇಲೆ ಏರಿ ಬರುವ ಪ್ರಳಯಪ್ಪನ ಯಂತ್ರ ಗುಡ್ಡ ಇಳಿಯುವಷ್ಟರಲ್ಲಿ ಅದರ ಹೆಜ್ಜೆಗೆ ನೆಲ ಅದುರಿ ಕಲ್ಲೆಲ್ಲ ಮೊರದ ಒಂದು ಅಂಚಿಗೆ ಬಂದು ನಿಂತಿರುತ್ತದೆ. ಆದರೆ ಹಿಂದಿನ ಶುಕ್ರವಾರ ಅವನು ಬಿದ್ದ ರಭಸಕ್ಕೆ ಮೊರವೇ ಮಗುಚಿ, ಅಕ್ಕಿಯೆಲ್ಲ ಮಣ್ಣುಪಾಲಾಗಿತ್ತು. ಅದನ್ನೇ ತೊಳೆದು ಒಣಗಿಸಿ, ಒಂದೊಂದೇ ಕಲ್ಲು ಹೆಕ್ಕುತ್ತಿದ್ದೆ. ಹಿತ್ತಿಲ ಬಾಗಿಲಲ್ಲಿ ಯಾರೋ ಕೆಮ್ಮಿದರು.

ರುದ್ರಮುನಿ ಮೇಷ್ಟ್ರು. ಶಾಲೆಯ ಹಿಂದಿನ ಶೆಡ್ಡಿನಲ್ಲಿ ನಿಂತಿರುವ ಊರಾಳನ್ನು ನೋಡಿಕೊಳ್ಳುವವರು ಅವರೇ. ಊರಾಳು ಎಂದರೆ ನಮ್ಮ ಕಡೆಯ ಯಂತ್ರ. ತೆಂಗಿನ ಮರಕ್ಕಿಂತ ಎತ್ತರ, ಎದೆಗೆ ಹಸಿರು ಬಣ್ಣ. ಎದೆಯೊಳಗಿನ ಗೂಡಿನಲ್ಲಿ ಕೂತು ಅದನ್ನು ನಡೆಸುವುದು ಊರಿನ ಒಂದು ಮಗು. ಮೇಷ್ಟ್ರ ಕಂಕುಳಲ್ಲಿ ಟವೆಲು ಸುತ್ತಿದ ಗುಂಡಗಿನ ವಸ್ತುವೊಂದಿತ್ತು. ನನ್ನ ಕೈ ಅಕ್ಕಿಯಲ್ಲೇ ನಿಂತಿತು.

"ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ. ಕಾಫಿ ತರ್ತೀನಿ," ಎಂದೆ.

ಬಂದವರನ್ನು ಯಾಕೆ ಬಂದಿರಿ ಎಂದು ಕೇಳುವ ರೂಢಿ ನಮ್ಮಲ್ಲಿಲ್ಲ. ಹೊರಟವರನ್ನು ಎಲ್ಲಿಗೆ ಎಂದೂ ಕೇಳುವುದಿಲ್ಲ. ಎರಡನೆಯದು ಎಲ್ಲ ಊರುಗಳಲ್ಲೂ ಇದೆಯಂತೆ. ಮೊದಲನೆಯದನ್ನು ನಮ್ಮಷ್ಟು ಕಟ್ಟುನಿಟ್ಟಾಗಿ ನಡೆಸುವವರು ಇನ್ನೆಲ್ಲೂ ಇರಲಿಕ್ಕಿಲ್ಲ. ಪ್ರತಿ ಮನೆಯ ಪಡಸಾಲೆಯಲ್ಲೂ ಒಂದು ಬೆಲ್ಲದ ಡಬ್ಬಿ ಇರುತ್ತದೆ. ನೆಂಟರ ಮುಂದೆ ಮಕ್ಕಳು ಯಾಕೆ ಎಂದು ಬಾಯಿ ತೆರೆದರೆ ಸಾಕು, ಒಂದು ಚೂರು ಬೆಲ್ಲ ಒಳಗೆ ಹೋಗುತ್ತದೆ. ಹಾಗಾಗಿ ಮೇಷ್ಟ್ರು ಕಾಫಿ ಕುಡಿದು, ಲೋಟ ಕೆಳಗಿಟ್ಟು, ಟವೆಲು ಬಿಚ್ಚುವವರೆಗೂ ನಾನು ಸುಮ್ಮನಿದ್ದೆ. ಒಳಗಿದ್ದದ್ದು ಹೆಲ್ಮೆಟ್ಟು.

"ಹಾಲಪ್ಪನ ಮಗನ ಕಾಲು ಉದ್ದ ಆಗ್ಬಿಟ್ವು ಕಣಮ್ಮ. ಹೋದ ಶುಕ್ರವಾರ ಮೊಣಕಾಲು ತಾಗಿ ಗುದ್ದೋ ಹಿಡಿ ಎರಡೂ ಒಟ್ಟಿಗೇ ಕೆಳಗೆ ಬಿದ್ವು. ಏಟು ಆಗಬಾರದಷ್ಟು ಜೋರಾಯ್ತು. ಇನ್ನು ಅವನು ಆಗಲ್ಲ. ನಿಮ್ಮ ಸುರಗಿನೇ ಆಗ್ಬೇಕು."

"ನಮ್ಮನೆಗೆ ಬೇಡ ಮೇಷ್ಟ್ರೇ. ಪ್ರಳಯಪ್ಪನವರು ಬಿದ್ದು ಬರೋದೇ ನಮ್ಮನೆಗೆ. ಹೊಡೆದ ಕೈಲೇ ಅನ್ನ ಬಡಿಸು ಅಂತ ಮಗೂಗೆ ಹೆಂಗೆ ಹೇಳ್ಲಿ?"

"ಗೊತ್ತು ದಾಕ್ಷಾಯಣಮ್ಮ. ಬೇರೆ ಮಕ್ಕಳನ್ನ ಕೂರಿಸಿ ನೋಡಿದೆ. ಚಿಕ್ಕವಕ್ಕೆ ಕಾಲು ಎಟಕಲ್ಲ, ದೊಡ್ಡವು ಕುರ್ಚಿಗೆ ಹಿಡಿಸಲ್ಲ."

ಒಳಗಿನಿಂದ ನಮ್ಮತ್ತೆ ಕೂಗಿದರು: "ಮೇಷ್ಟ್ರಿಗೆ ಇನ್ನೊಂದು ಲೋಟ ಕೊಡೇ, ಬರೀ ಮಾತಲ್ಲೇ ಕಳಿಸ್ಬೇಡ."

ಮೇಷ್ಟ್ರು ಎರಡನೆಯ ಲೋಟವನ್ನೂ ಕುಡಿದು, ಹೆಲ್ಮೆಟ್ಟನ್ನು ಕಟ್ಟೆಯ ಮೇಲೆ ನನ್ನ ಮೊರದ ಪಕ್ಕದಲ್ಲೇ ಬಿಟ್ಟು ಹೋದರು.

ಪ್ರಳಯಪ್ಪ ಬೀಳುವುದು ನಮ್ಮ ಹಿತ್ತಿಲಿಗೆ. ಊರಾಳು ಶಾಲೆಯ ಮೈದಾನದಲ್ಲಿ ನಿಂತು ಗುದ್ದುತ್ತದೆ, ಅವನ ಯಂತ್ರ ನಾಲ್ಕು ಹೆಜ್ಜೆ ಹಿಂದಕ್ಕೆ ಜೋಲಿ ಹೊಡೆದು ಸರಿಯಾಗಿ ನಮ್ಮ ಬದನೆ ಪಾತಿಯ ಮೇಲೆ ಕೂರುತ್ತದೆ. ನಾನು ಮದುವೆಯಾಗಿ ಬಂದಾಗಲೇ ಅಲ್ಲೊಂದು ಗುಂಡಿಯಿತ್ತು. ಅದರ ತಳದಲ್ಲಿ ನೀರು ನಿಲ್ಲುವುದರಿಂದ ಅತ್ತೆ ಕೆಸುವಿನ ಗೆಡ್ಡೆ ಹಾಕಿದ್ದರು. ಯಾರ ನೆಲಕ್ಕೆ ಬಿದ್ದನೋ ಅವನು ಆ ಮನೆಯ ನೆಂಟ ಎನ್ನುವುದು ಊರಿನ ಕಟ್ಟಳೆ. ಸ್ನಾನಕ್ಕೆ ಬಿಸಿನೀರು, ಒಂದು ಊಟ, ಮಲಗಲು ಚಾಪೆ. ಸಂಜೆ ಬಿಸಿಲು ಇಳಿದ ಮೇಲೆ ಅವನ ದಾರಿ ಅವನಿಗೆ.

ಗುಡ್ಡ ಇಳಿದು ಬರುವಾಗ ಅವನ ಆರ್ಭಟ ಕೇಳಬೇಕು. ಮೊದಲು ನಗು. ಹಹ್ಹಹ್ಹಾ ಎಂದು ಮೂರು ಸಲ. ಮೂರನೆಯದಕ್ಕೆ ಉಸಿರು ಸಾಲದೆ ಕೆಮ್ಮು. ಆಮೇಲೆ, "ಎಲವೋ ಊರವರೇ! ನಡುಗಿರಿ! ಪ್ರಳಯಮುಷ್ಟಿ ಬಂದಿದ್ದಾನೆ! ಇಂದು ನಾನು ನಿಮ್ಮಿಂದ..." ಅಷ್ಟರಲ್ಲಿ ಊರಾಳಿನ ಗುದ್ದು. ಆ ಮಾತಿನ ಮುಂದಿನ ಭಾಗವನ್ನು ಕೇಳಿದವರಿಲ್ಲ. ನಮ್ಮ ಬೀದಿಯ ಮಕ್ಕಳು ಆಟವಾಡುವಾಗ "ಇಂದು ನಾನು ನಿಮ್ಮಿಂದ ಡಮಾರ್!" ಎನ್ನುತ್ತಾರೆ. ಮಾತು ಇರುವುದೇ ಹಾಗೆ ಎಂದು ತಿಳಿದಿದ್ದಾರೆ.

ಕೆಲವು ಶುಕ್ರವಾರ ಅವನ ಯಂತ್ರಕ್ಕೆ ಹೊಸದೊಂದು ಅಂಗ ಇರುತ್ತಿತ್ತು. ಒಮ್ಮೆ ಮನೆಯಷ್ಟು ದೊಡ್ಡ ಛತ್ರಿ ತಂದಿದ್ದ. ಬಿಚ್ಚುವಾಗ ಗಾಳಿಗೆ ಸಿಕ್ಕಿ ತಾನೇ ತಿರುಗಿ ಬಿದ್ದ. ಒಮ್ಮೆ ಉದ್ದನೆಯ ಸೌಟು. ಒಮ್ಮೆ ಎರಡೂ ಕೈಗೆ ಗಂಟೆ ಕಟ್ಟಿಕೊಂಡು ಬಂದು, ತನ್ನ ಸದ್ದಿಗೆ ತಾನೇ ಕಿವಿ ಮುಚ್ಚಿಕೊಂಡಿದ್ದ. ಛತ್ರಿ ಈಗ ಬಸ್ ನಿಲ್ದಾಣದ ಸೂರು. ಶಾಲೆಯಲ್ಲಿ ಹೊಡೆಯುವ ಗಂಟೆ ಅವನದೇ. ಶುಕ್ರವಾರ ನಾವು ಹಾಲಿಗೆ ಹೆಪ್ಪು ಹಾಕುವುದಿಲ್ಲ. ಕ್ಷೌರದ ಅಂಗಡಿ ಬಾಗಿಲು ತೆಗೆಯುವುದಿಲ್ಲ. ನಮ್ಮೆಜಮಾನರು ಮರುಳಸಿದ್ಧಪ್ಪ ಹೆಂಚು ಹೊದಿಸುವವರು. ಶನಿವಾರ ಅವರಿಗೆ ಊಟಕ್ಕೂ ಪುರಸೊತ್ತಿಲ್ಲ. ಹೀಗೆ ಎಲ್ಲ ಒಗ್ಗಿಹೋಗಿದೆ. ಒಗ್ಗಿದ್ದು ಎಂದರೆ ಹಗುರವಾಯಿತು ಎಂದಲ್ಲ. ಪ್ರತಿ ಶನಿವಾರ ಪಾತಿ ಅಗೆದು ಹೊಸ ಸಸಿ ನೆಡುವಾಗ ನನ್ನ ಸೊಂಟಕ್ಕೆ ಅದು ಗೊತ್ತಾಗುತ್ತದೆ.

ಯಂತ್ರದೊಳಗೆ ಇರುವಷ್ಟು ಹೊತ್ತು ಅವನು 'ಅವನು'. ಇಳಿದು ಬಂದ ಮೇಲೆ 'ಅವರು'. ಸಣ್ಣ ಮೈಯ ಮನುಷ್ಯ, ನೇರಳೆ ಬಣ್ಣದ ಮೇಲ್ಹೊದಿಕೆ, ಅಂಟಿಸಿಕೊಂಡ ಮೀಸೆ. ಬಿದ್ದ ಪೆಟ್ಟಿಗೆ ಮೀಸೆಯ ಒಂದು ತುದಿ ಕಿತ್ತಿರುತ್ತದೆ. ಗುಂಡಿಯಿಂದ ಹತ್ತಿ ಬಂದವರೇ ಮೊದಲು ಬದನೆ ಪಾತಿ ನೋಡಿ, "ತಪ್ಪಾಯ್ತು ತಾಯಿ. ಈ ಸಲ ಎಡಕ್ಕೆ ಬೀಳೋಣ ಅಂತಿದ್ದೆ," ಎನ್ನುತ್ತಾರೆ. ಅವರಿಗೆ ಮುದ್ದೆ, ಬಸ್ಸಾರು ಎಂದರೆ ಪ್ರಾಣ. ತಟ್ಟೆ ತಾವೇ ತೊಳೆದಿಡುತ್ತಾರೆ. ಅತ್ತೆಗೆ ಸೂಜಿಗೆ ದಾರ ಪೋಣಿಸಿಕೊಡುತ್ತಾರೆ. ಸುರಗಿ ಅಂಬೆಗಾಲಿಡುವಾಗ ಆ ಮೇಲ್ಹೊದಿಕೆಯ ತುದಿ ಹಿಡಿದೇ ಎದ್ದು ನಿಂತದ್ದು. ಅವಳಿಗೆ ಅವರು ಪ್ರಳಯ ಮಾಮ.

ಮಾತು ಕಲಿತ ವಯಸ್ಸಿನಲ್ಲಿ ಅವಳು ಒಮ್ಮೆ ಊಟದ ನಡುವೆ, "ಮಾಮಾ, ನೀವು ಯಾಕೆ..." ಎಂದು ಶುರುಮಾಡಿದ್ದಳು. ಅತ್ತೆಯ ಕೈ ಡಬ್ಬಿಗೆ ಹೋಗಿ ಬಂದದ್ದು ಕಾಣಿಸಲೇ ಇಲ್ಲ; ಮಗುವಿನ ಕೆನ್ನೆ ಬೆಲ್ಲದಿಂದ ಉಬ್ಬಿತ್ತು. ಪ್ರಳಯಪ್ಪನವರು ತುತ್ತು ಹಿಡಿದುಕೊಂಡೇ ಸ್ವಲ್ಪ ಹೊತ್ತು ಕಾದರು. ಆಮೇಲೆ ತಲೆ ತಗ್ಗಿಸಿ ಉಂಡರು. ಅವರು ಕೈ ತೊಳೆಯುವಾಗ ನೀರು ಹಾಕುತ್ತಿದ್ದ ನನಗೆ ಮೆಲ್ಲಗೆ ಹೇಳಿದರು, "ಅದು ಊರಿಗೆ ಹೇಳೋ ಮಾತು ತಾಯಿ. ಉಣ್ಣೋ ಮನೇಲಿ ಕೂತು ಹೇಳಿದ್ರೆ ನಿಮ್ಮನ್ನ ದಾಕ್ಷಿಣ್ಯಕ್ಕೆ ಕಟ್ಟಿಹಾಕಿದ ಹಾಗಾಗುತ್ತೆ." ಅಷ್ಟು ಹೇಳಿದವರು ಮತ್ತೆ ಆ ಮಾತು ಎತ್ತಲಿಲ್ಲ. ಅವರೂ ನಮ್ಮಷ್ಟೇ ಮರ್ಯಾದಸ್ಥರು.

ಹಿಂದಿನ ಶುಕ್ರವಾರ ಆ ಜೋರು ಏಟು ಬಿದ್ದ ಮೇಲೆ ಅವರು ತಾವಾಗಿ ಹತ್ತಿ ಬರಲಿಲ್ಲ. ನಮ್ಮೆಜಮಾನರು ಏಣಿ ಇಳಿಸಿ ಕರೆತಂದರು. ಬಲಗೈ ಎತ್ತಲಾಗಲಿಲ್ಲ. ಪಕ್ಕೆ ಮುಟ್ಟಿದರೆ ಮುಖ ಹಿಂಡುತ್ತಿದ್ದರು. ಮುದ್ದೆ ಮುರಿದು ಸಾರಿಗೆ ಅದ್ದಿ ಸುರಗಿಯೇ ತಿನ್ನಿಸಿದಳು. "ಆ ಅನ್ನಿ ಮಾಮಾ," ಎಂದಳು. ನಾನು ಅವಳಿಗೆ ಹೇಳುತ್ತಿದ್ದ ಹಾಗೇ. ಸಂಜೆ ಯಂತ್ರ ಎದ್ದು ಸೊಂಟ ಹಿಡಿದುಕೊಂಡು ಗುಡ್ಡ ಹತ್ತಿತು. ನಾವು ಬಾಗಿಲಲ್ಲಿ ನಿಂತು ನೋಡಿದೆವು. ಎಲ್ಲಿಗೆ ಎಂದು ಕೇಳಲಿಲ್ಲ. ಯಜಮಾನರು ನನ್ನ ಕಡೆ ತಿರುಗದೆಯೇ ಹೇಳಿದರು, "ಇನ್ನೊಂದು ಏಟು ತಡೆಯೋ ಮೈಯಲ್ಲ ಕಣೇ ಅದು."

ಅದನ್ನು ಸುರಗಿ ಕೇಳಿಸಿಕೊಂಡಿದ್ದಳು. ಈಗ ಆ ಇನ್ನೊಂದು ಏಟು ಅವಳ ಕೈಗೇ ಬಂದಿತ್ತು.

ಮಂಗಳವಾರ ಶಾಲೆಯಿಂದ ಬಂದವಳು ಕಟ್ಟೆಯ ಮೇಲಿನ ಹೆಲ್ಮೆಟ್ಟು ನೋಡಿದಳು. ಅತ್ತಾಳೆಂದುಕೊಂಡಿದ್ದೆ. ಚೀಲ ಇಳಿಸಿ, ಕೈಕಾಲು ತೊಳೆದು ಬಂದು, ಅದನ್ನು ತಲೆಗೆ ಹಾಕಿಕೊಂಡಳು. ಅಳತೆ ಕೊಟ್ಟು ಮಾಡಿಸಿದಷ್ಟು ಸರಿಯಾಗಿತ್ತು. ತೆಗೆದಿಟ್ಟು, "ಅಮ್ಮಾ, ಹಸಿವಿಲ್ಲ," ಎಂದು ಒಳಗೆ ಹೋದಳು.

ಬುಧವಾರ, ಗುರುವಾರ ಮೇಷ್ಟ್ರು ಶೆಡ್ಡಿನಲ್ಲಿ ಕಲಿಸಿದರು. ನಾನು ಕೆಲಸ ಬಿಟ್ಟು ಹೋಗಿ ಬಾಗಿಲಲ್ಲಿ ಕೂತೆ. ಕೈ ಸುಮ್ಮನಿರದೆ ಹುಣಿಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಹೆಲ್ಮೆಟ್ಟು ತೊಟ್ಟು ಎದೆಯ ಗೂಡಿನಲ್ಲಿ ಕೂತ ಸುರಗಿ ಏನು ಮಾಡಿದರೂ ಊರಾಳು ಅದನ್ನೇ ಮಾಡುತ್ತಿತ್ತು. ಅವಳು ನಡೆದರೆ ಎಡಗಾಲು ಸ್ವಲ್ಪ ಎಳೆದು ಹೆಜ್ಜೆಯಿಡುತ್ತಾಳೆ. ಅದೂ ಹಾಗೇ ನಡೆಯಿತು. ಯೋಚನೆ ಬಂದರೆ ಅಂಗೈ ತಿರುಗಿಸಿ ಮೂಗು ಒರೆಸಿಕೊಳ್ಳುತ್ತಾಳೆ. ಅಷ್ಟೆತ್ತರದ ಕಬ್ಬಿಣದ ಆಳೂ ಮೂಗು ಒರೆಸಿಕೊಂಡಿತು. ನನಗೆ ನಗು ಬಂತು. ನಗುತ್ತಲೇ ಕಣ್ಣು ತುಂಬಿತು.

"ಯಾವಾಗ ಹೊಡೀಬೇಕು ಮೇಷ್ಟ್ರೇ?" ಊರಾಳಿನ ಕತ್ತಿನ ತುತ್ತೂರಿಯಿಂದ ಅವಳ ದನಿ ಇಡೀ ಮೈದಾನಕ್ಕೆ ಕೇಳಿಸಿತು.

"ಮೆಲ್ಲಗೆ ಮಾತಾಡಮ್ಮ, ಒಳಗಿನ ಪಿಸುಮಾತೂ ಊರಿಗೆಲ್ಲ ಕೇಳ್ತದೆ. ಅವನು 'ನಿಮ್ಮಿಂದ' ಅಂದ ತಕ್ಷಣ ಹೊಡೀಬೇಕು."

"ಪೂರ್ತಿ ಹೇಳೋಕೆ ಬಿಡಲ್ವಾ?"

"ಪೂರ್ತಿ ಹೇಳಿದ್ರೆ ಏನಾಗ್ತದೋ ಯಾರಿಗೆ ಗೊತ್ತು? ನಮ್ಮ ಕಾಲದಿಂದ ಯಾರೂ ಬಿಟ್ಟಿಲ್ಲ."

"ನೀವು ಕೂತಿದ್ದಾಗ್ಲೂ?"

"ನಾನು ಕೂತಿದ್ದಾಗ್ಲೂ." ಮೇಷ್ಟ್ರು ಮುಖ ಆ ಕಡೆ ತಿರುಗಿಸಿದರು. "ಇಳಿಯಮ್ಮ, ಸಾಕು ಇವತ್ತಿಗೆ."

ಗುರುವಾರ ನೀರು ಹಿಡಿಯಲು ನಲ್ಲಿಗೆ ಹೋದರೆ ಗುರುಬಸಕ್ಕ ಕಾದಿದ್ದಳು. ಎದುರುಮನೆಯವಳು, ಬಾಯಿ ಜೋರು, ಕರುಳು ಕೆಟ್ಟದ್ದಲ್ಲ.

"ಏನೇ ದಾಕ್ಷಾಯಣಿ, ನಿನ್ ಮಗಳು ಹೊಡೀತಾಳೋ, ಇಲ್ಲಾ ಮಾಮಂಗೆ ತುತ್ತು ತಿನ್ನಿಸ್ತಾ ಕೂತ್ಕೋತಾಳೋ?"

"ಇನ್ನೂ ಮಗು ಕಣಕ್ಕ ಅದು."

"ಮಗು ಅಂತಾನೇ ಭಯ. ಅವಳು ಕೈಕಟ್ಟಿ ನಿಂತ್ರೆ ಅವನು ಬೀದಿಗೇ ಇಳೀತಾನೆ. ನಮ್ಮ ಮನೆ ಮೇಲೆ ಕಾಲಿಟ್ರೆ ನಿನ್ನ ಗಂಡ ಬಂದು ಹೆಂಚು ಹೊದಿಸ್ತಾನಾ? ಒಳಗಿರೋರ್ನ ಯಾರು ತಂದುಕೊಡ್ತಾರೆ?"

"ಅವರು ಸಸಿ ತುಳಿದ್ರೂ ತಪ್ಪಾಯ್ತು ಅನ್ನೋರು, ಅಕ್ಕ."

"ಬಿದ್ಮೇಲೆ ಎಲ್ರೂ ಹಂಗೇ ಅಂತಾರೆ. ಗೆದ್ದ ಮೇಲೆ ಹೆಂಗೆ ಅಂತ ಯಾರು ನೋಡಿದ್ದಾರೆ?"

ಕೊಡ ತುಂಬಿ ಹರಿಯುತ್ತಿತ್ತು. ನಿಜಕ್ಕೂ ಯಾರೂ ನೋಡಿರಲಿಲ್ಲ. ಹೊಡೆದರೆ ಆ ಮನುಷ್ಯ ಉಳಿಯುವುದು ಅನುಮಾನ; ಆ ಭಾರವನ್ನು ನನ್ನ ಮಗಳು ಬದುಕಿಡೀ ಹೊರಬೇಕು. ಹೊಡೆಯದೆ ಏನಾದರೂ ಅನಾಹುತವಾದರೆ ಊರು ಅವಳನ್ನೇ ಬೆರಳು ಮಾಡಿ ತೋರಿಸುತ್ತದೆ. ಕೊಡ ಸೊಂಟಕ್ಕೇರಿಸಿ ನಡೆಯುವಾಗ ಎಂದೂ ಆಗದಷ್ಟು ಆಯಾಸವಾಯಿತು. ನೀರಿನ ಭಾರಕ್ಕೆ ಆದದ್ದಲ್ಲ ಅದು.

ಮನೆಗೆ ಬಂದು ಅತ್ತೆಯ ಹತ್ತಿರ ಕೂತೆ. "ಅತ್ತೆ, ಅವರನ್ನ ಯಾವತ್ತಾದ್ರೂ ಯಾರಾದ್ರೂ ಕೇಳಿದ್ದಾರಾ?"

"ಏನಂತ?"

"ಯಾಕೆ ಬರ್ತೀರಿ ಅಂತ."

ಅತ್ತೆ ನನ್ನನ್ನು ನೋಡಿದ ರೀತಿ ನೋಡಿದರೆ ನಾನು ತಟ್ಟೆಗೆ ಉಗುಳಿದ್ದೇನೆ ಎನ್ನಬೇಕು. "ಬಂದ ನೆಂಟರನ್ನ ಯಾಕೆ ಬಂದ್ರಿ ಅನ್ನೋದಾ? ಅದಕ್ಕಿಂತ ಬಾಗಿಲು ಹಾಕ್ಕೊಳ್ಳೋದು ವಾಸಿ." ಆಮೇಲೆ ಸೂಜಿ ಹುಡುಕುವ ನೆಪದಲ್ಲಿ ಸೆರಗು ಕೊಡವುತ್ತಾ, ದನಿ ಇಳಿಸಿ ಹೇಳಿದರು, "ನಾನು ಈ ಮನೆಗೆ ಬಂದ ಹೊಸದ್ರಲ್ಲಿ ಕೇಳ್ಬೇಕು ಅನ್ನಿಸಿತ್ತು. ಆಗ ಆತ ಎಳೇ ಹುಡುಗ. ಮೀಸೆ ಅಂಟಿಸ್ಕೊಂಡು ಬಂದಿದ್ದ. ನನ್ನ ಬಾಯಿಗೂ ಬೆಲ್ಲ ಬಿತ್ತು."

ಶುಕ್ರವಾರ ಬಂತು. ಮಡಕೆಗಳನ್ನು ನೆಲುವಿಗೆ ಏರಿಸಿದೆ. ಮೊರದಲ್ಲಿ ಅಕ್ಕಿ ಹರಡಿ ನೆಲದ ಮೇಲಿಟ್ಟೆ. ಬಸ್ಸಾರಿಗೆ ಸೊಪ್ಪು ಬೇಯಲು ಹಾಕಿ, ಅತ್ತೆಗೆ ಒಲೆ ನೋಡಿಕೊಳ್ಳಲು ಹೇಳಿ, ಸುರಗಿಯ ತಲೆ ಬಾಚಿದೆ. ಹೆಲ್ಮೆಟ್ಟಿನೊಳಗೆ ಹಿಡಿಸಲೆಂದು ಎರಡು ಜಡೆಯನ್ನೂ ಒತ್ತಿ ಕಟ್ಟಿದೆ.

ಊರಾಳಿನ ಎದೆಗೆ ಏಣಿ ಹಾಕಿದ್ದರು. ಹತ್ತುವ ಮೊದಲು ತಾಯಿಯಾದವಳು ಮಗುವಿನ ಬಾಯಿಗೆ ಬೆಲ್ಲ ಇಡಬೇಕು. ಗೂಡಿನೊಳಗೆ ಮಗು ಹೆದರಿ ಏನಾದರೂ ಅಂದರೆ ಊರಿಗೆಲ್ಲ ಕೇಳುತ್ತದಲ್ಲ, ಅದಕ್ಕೆ. ಮೇಷ್ಟ್ರು ಒಂದು ಅಚ್ಚು ಮುರಿದು ನನ್ನ ಕೈಗೆ ಕೊಟ್ಟರು. ಜನ ಮೈದಾನದ ಸುತ್ತ ನಿಂತಿದ್ದರು. ಸುರಗಿ ಅಭ್ಯಾಸಬಲದಿಂದ ಬಾಯಿ ತೆರೆದಳು. ಕೆಳಸಾಲಿನ ಹಲ್ಲೊಂದು ಇನ್ನೂ ಅರ್ಧ ಮಾತ್ರ ಬಂದಿತ್ತು. ಒಂದು ಗಳಿಗೆ ಹಾಗೇ ನೋಡಿದೆ. ಮುಷ್ಟಿ ಮುಚ್ಚಿದೆ. ಸೆರಗಿನಿಂದ ಅವಳ ಬಾಯಿ ಒರೆಸಿದಂತೆ ಮಾಡಿ, "ಹೋಗ್ಬಾ ಕಂದ," ಎಂದೆ.

ಅವಳು ಬಾಯಿ ಮುಚ್ಚಿದಳು. ಬರಿ ನಾಲಗೆಯನ್ನು ಒಳಗೇ ಆಡಿಸಿ ನೋಡಿ, ನನ್ನ ಕಡೆ ಕಣ್ಣೆತ್ತಿದಳು. ನಾನು ತಲೆಯಾಡಿಸಿದೆನೋ ಇಲ್ಲವೋ ನನಗೇ ತಿಳಿಯದು. ಅವಳು ಏಣಿ ಹತ್ತಿದಳು.

ನೆಲ ಅದುರತೊಡಗಿತು. ಗುಡ್ಡದ ನೆತ್ತಿಯಲ್ಲಿ ಅವನ ಯಂತ್ರ ಕಾಣಿಸಿತು. ಈ ಸಲ ಹೊಸ ಅಂಗವೇನೂ ಇರಲಿಲ್ಲ. ಬಲಗೈ ಪಕ್ಕಕ್ಕೆ ಜೋತುಬಿದ್ದಿತ್ತು, ಪಕ್ಕೆಗೆ ತಗಡಿನ ತೇಪೆ. ನಗು ಎರಡೇ ಸಲ ಕೇಳಿಸಿತು; ಉಳಿದದ್ದು ಕೆಮ್ಮು.

"ಎಲವೋ ಊರವರೇ! ನಡುಗಿರಿ!"

ಊರಾಳು ಶೆಡ್ಡಿನಿಂದ ಹೊರಗೆ ಬಂತು. ಎಡಗಾಲು ಎಳೆದು, ಮೈದಾನದ ನಡುವೆ ಬಂದು ನಿಂತು, ಅಂಗೈ ತಿರುಗಿಸಿ ಮೂಗು ಒರೆಸಿಕೊಂಡಿತು.

ಎದುರಿನ ಯಂತ್ರ ಹೆಜ್ಜೆ ಎತ್ತಿದ್ದು ಹಾಗೇ ನಿಂತುಬಿಟ್ಟಿತು. "ಪ್ರಳಯಮುಷ್ಟಿ..." ದನಿ ಸೊರಗಿತು. ಆ ನಡಿಗೆ ಯಾರದೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಮಗು ನಿಲ್ಲಲು ಕಲಿತದ್ದೇ ಅವರ ಬಟ್ಟೆ ಹಿಡಿದು.

ಆಮೇಲೆ ಅವರು ಮಾಡಿದ್ದನ್ನು ಮೈದಾನದಲ್ಲಿದ್ದವರೆಲ್ಲ ನೋಡಿದರು. ಗುಡ್ಡ ಇಳಿದು ಹತ್ತಿರ ಬಂದರು, ಎಂದಿಗಿಂತ ಹತ್ತಿರ, ಮಗುವಿನ ಕೈಗೆ ಎಟುಕುವಷ್ಟು. ಹಿಂದೆ ತಿರುಗಿ ನಮ್ಮ ಹಿತ್ತಿಲನ್ನೊಮ್ಮೆ ನೋಡಿ, ಹೊಸ ಬದನೆ ಸಸಿಗಳಿಗೆ ತಾಗದಂತೆ ಎರಡು ಹೆಜ್ಜೆ ಎಡಕ್ಕೆ ಸರಿದರು. ನೋವಿದ್ದ ಪಕ್ಕೆಯನ್ನು ಆ ಕಡೆ ಮಾಡಿ, ಗಟ್ಟಿಯಿದ್ದ ಪಕ್ಕೆಯನ್ನು ನನ್ನ ಮಗಳಿಗೆ ಒಡ್ಡಿ ನಿಂತರು.

"ಅಯ್ಯೋ ಶಿವನೇ," ಎಂದಳು ಪಕ್ಕದಲ್ಲಿದ್ದ ಗುರುಬಸಕ್ಕ. ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಇಂದು ನಾನು," ಎಂದರು ಪ್ರಳಯಪ್ಪನವರು. ಕೂಗಲಿಲ್ಲ, ನಮ್ಮ ಪಡಸಾಲೆಯಲ್ಲಿ ಮಾತಾಡುವ ದನಿಯಲ್ಲೇ ಹೇಳಿದರು. "ನಿಮ್ಮಿಂದ..."

ಅಲ್ಲಿಗೆ ನಿಲ್ಲಿಸಿ, ಎಂದಿನಂತೆ ಏಟಿಗೆ ಕಾದರು.

ಊರಾಳಿನ ಮುಷ್ಟಿ ಮೇಲೇರಿತ್ತು. ಮೇಷ್ಟ್ರು, "ಈಗ ಕಣಮ್ಮ, ಈಗ," ಎಂದರು. ಆದರೆ ಅದನ್ನು ಯಾರಿಗೂ ಕೇಳಿಸಬಾರದು ಎಂಬಷ್ಟು ಮೆಲ್ಲಗೆ ಎಂದರು. ಏಟು ಬೀಳಲಿಲ್ಲ. ಪ್ರಳಯಪ್ಪನವರಿಗೂ ಮುಂದಿನ ಮಾತು ಹೊರಡಲಿಲ್ಲ. ಇಷ್ಟು ವರ್ಷದಲ್ಲಿ ಆ ಜಾಗ ದಾಟಿ ಮಾತಾಡಿ ಗೊತ್ತಿರದ ಮನುಷ್ಯ. ಎರಡು ಸಲ "ನಿಮ್ಮಿಂದ, ನಿಮ್ಮಿಂದ," ಎಂದು ತಡವರಿಸಿದರು. ನನ್ನ ಮುಷ್ಟಿಯಲ್ಲಿ ಬೆಲ್ಲ ಕರಗಿ, ಬೆರಳ ಸಂದಿಯಿಂದ ಜಿನುಗಿ, ಮಣಿಕಟ್ಟಿಗೆ ಇಳಿಯುತ್ತಿತ್ತು.

ಎತ್ತಿದ ಕಬ್ಬಿಣದ ಕೈ ನಿಧಾನವಾಗಿ ಕೆಳಗಿಳಿಯಿತು. ತುತ್ತೂರಿಯಲ್ಲಿ ಮೊದಲು ಮೂಗು ಸೆಳೆದುಕೊಂಡ ಸದ್ದು ಕೇಳಿಸಿತು. ಆಮೇಲೆ ನನ್ನ ಮಗಳ ದನಿ ಮೈದಾನ, ಬಸ್ ನಿಲ್ದಾಣದ ಛತ್ರಿ, ಎಲ್ಲ ಮನೆಗಳ ಹೆಂಚು ದಾಟಿ ಗುಡ್ಡದವರೆಗೂ ಹೋಯಿತು.

"ಮಾಮಾ, ನಮ್ಮಿಂದ ನಿಮಗೆ ಏನು ಬೇಕಿತ್ತು?"